ಟಿವಿಯ ಬೆನ್ನಿನ ಬಿಸಿ

ಟಿವಿ ಆರಿಸಿದ ಮೇಲೆ ಅದರ ಬೆನ್ನು ಮುಟ್ಟಿ ನೋಡುವ ಅಭ್ಯಾಸ ನನಗೆ ಇನ್ನೂ ಹೋಗಿಲ್ಲ. ಈಗಿನ ಟಿವಿಗಳಿಗೆ ಬೆನ್ನು ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಆದರೂ ರಿಮೋಟ್ ಕೆಳಗಿಟ್ಟ ಕೂಡಲೇ ನನ್ನ ಕೈ ತಾನಾಗಿ ಹಿಂದಕ್ಕೆ ಹೋಗಿ, ಎಷ್ಟು ಬಿಸಿಯಾಗಿದೆ ಎಂದು ನೋಡಿಕೊಂಡು ಬರುತ್ತದೆ. ಯಾರಿಗೆ ಹೆದರಿ ನೋಡುತ್ತೀಯ ಎಂದು ಕೇಳಿದರೆ ಹೇಳಲಾರೆ. ಮನೆಯಲ್ಲಿರುವುದು ನಾನೊಬ್ಬಳೇ.

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಹಾಗೆ ಮುಟ್ಟಿದಾಗ ಟಿವಿ ಚೆನ್ನಾಗಿಯೇ ಬೆಚ್ಚಗಾಗಿತ್ತು. ಎರಡೂವರೆ ಗಂಟೆ ಆಡಿದ್ದೆ. ನನಗೀಗ ಮೂವತ್ತೊಂದು. ಹೊಸನಗರದ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳುತ್ತೇನೆ. ಕೆಳಗಿನ ಮನೆಯವರು ನನ್ನನ್ನು ಗಂಭೀರ ಹುಡುಗಿ ಎಂದು ನಂಬಿದ್ದಾರೆ. ಆ ನಂಬಿಕೆಗೆ ತೊಂದರೆ ಕೊಡುವುದು ಬೇಡವೆಂದು ಬಾಗಿಲ ಚಿಲಕ ಹಾಕಿ, ಸದ್ದನ್ನು ಪೂರ್ತಿ ಇಳಿಸಿ ಆಡಿದ್ದೆ.

ಆಡಿದ್ದು ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಸಣ್ಣ ಕಪ್ಪು ಕಡ್ಡಿಯೊಂದರಲ್ಲಿ. ಅದನ್ನು ಟಿವಿಯ ಪಕ್ಕದ ಕಿಂಡಿಗೆ ಚುಚ್ಚಿದರೆ ಆಯಿತು, ನಾವು ಚಿಕ್ಕವರಿದ್ದಾಗಿನ ಟಿವಿ ಗೇಮುಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ವೈರಿಲ್ಲದ ಎರಡು ಜಾಯ್‌ಸ್ಟಿಕ್ ಜೊತೆಗೇ ಬರುತ್ತವೆ. ಅದೇ ಚೌಕ ಚೌಕ ಬಣ್ಣ, ಅದೇ ಟಿಣ್ ಟಿಣ್ ಸಂಗೀತ. ಡಬ್ಬಿಯ ಮೇಲೆ ಹತ್ತು ಸಾವಿರ ಆಟ ಎಂದು ಬರೆದಿತ್ತು. ಗಣಿತದವಳಾದ ತಪ್ಪಿಗೆ ಎಣಿಸಲು ಕೂತೆ. ಮುನ್ನೂರಕ್ಕೆ ಬರುವ ಹೊತ್ತಿಗೆ ಒಂದೇ ಟ್ಯಾಂಕಿನ ಆಟ ಏಳು ಬೇರೆ ಬೇರೆ ಹೆಸರಿನಲ್ಲಿ ಬಂದುಹೋಗಿತ್ತು. ಸಿಟ್ಟು ಬರಬೇಕಿತ್ತು. ಬದಲಿಗೆ, ಸುಳ್ಳು ಹೇಳುವ ಹಳೆಯ ನೆಂಟರೊಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಆಗುವಂಥ ಖುಷಿಯಾಯಿತು. ಸಾಗರದ ದೊಡ್ಡಮ್ಮನ ಮನೆಯಲ್ಲಿದ್ದ ಟಿವಿ ಗೇಮಿನ ಹಳದಿ ಕ್ಯಾಸೆಟ್ಟಿನ ಮೇಲೂ ಸಾವಿರಗಟ್ಟಲೆ ಆಟ ಎಂದು ಬರೆದಿತ್ತು. ನಾನೂ ಸುಮಕ್ಕನೂ ಒಂದು ಮಳೆಗಾಲವಿಡೀ ಲೆಕ್ಕ ಹಾಕಿ, ಇರುವುದು ಹದಿಮೂರೇ ಎಂದು ತೀರ್ಮಾನಿಸಿದ್ದೆವು.

ಸುಮಕ್ಕ ನನ್ನ ದೊಡ್ಡಮ್ಮನ ಮಗಳು, ನನಗಿಂತ ಎರಡು ವರ್ಷ ದೊಡ್ಡವಳು. ಈಗ ತೀರ್ಥಹಳ್ಳಿಯಲ್ಲಿ ಸಂಸಾರ, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ. ಈ ಕಡ್ಡಿಯನ್ನು ತರಿಸಿದ್ದು ಅವಳಿಗಾಗಿ. ಕೊಡುವ ಮೊದಲು ಕೆಲಸ ಮಾಡುತ್ತದೆಯೋ ಇಲ್ಲವೋ ನೋಡಬೇಕಲ್ಲ ಎಂಬುದು ಆ ಎರಡೂವರೆ ಗಂಟೆಗೆ ನಾನು ಕೊಟ್ಟುಕೊಂಡ ಸಮಜಾಯಿಷಿ. ಅವಳಿಗೇ ಏಕೆ ತರಿಸಿದೆ ಎಂಬುದಕ್ಕೆ ಬೇರೆ ಕಾರಣವಿತ್ತು. ಇಪ್ಪತ್ತು ವರ್ಷದ ಹತ್ತಿರವಾಯಿತು, ಅವಳಿಗೆ ನಾನು ಒಂದು ಮಾತು ಹೇಳಬೇಕಿತ್ತು. ಬರಿಗೈಯಲ್ಲಿ ಹೋಗಿ ಹೇಳುವಷ್ಟು ಧೈರ್ಯ ನನ್ನಲ್ಲಿರಲಿಲ್ಲ.

ನಮ್ಮೂರು ಹೊಳೆಬಾಗಿಲಿನಿಂದ ಆಚೆ, ಹಿನ್ನೀರಿನ ಆ ದಡದಲ್ಲಿ. ಈಗ ಸೇತುವೆಯಾಗಿದೆ, ಆಗ ಲಾಂಚು. ಆ ಕಡೆಯ ಮಕ್ಕಳು ಸ್ವಲ್ಪ ದೊಡ್ಡವರಾದರೆ ಸಾಗರದಲ್ಲಿ ನೆಂಟರ ಮನೆಯಲ್ಲಿದ್ದು ಓದುವುದು ರೂಢಿ. ಐದನೇ ಕ್ಲಾಸು ಮುಗಿದ ಮೇಲೆ ನನ್ನನ್ನು ದೊಡ್ಡಮ್ಮನ ಮನೆಗೆ ಕಳಿಸಿದರು. ಹೊರಟ ದಿನ ಲಾಂಚಿನ ಕಂಬಿ ಹಿಡಿದು ನಿಂತು ಅಮ್ಮ ಸಣ್ಣ ದನಿಯಲ್ಲಿ ಬುದ್ಧಿ ಹೇಳಿದಳು. ಕೇಳದೆ ಏನೂ ಮುಟ್ಟಬೇಡ. ಎರಡನೇ ಸಲ ಬಡಿಸಲು ಬಂದರೆ ಸಾಕು ಅನ್ನು. ಅವರ ಮನೆಯ ಸಾಮಾನು ಹಾಳು ಮಾಡಿದರೆ ವಾಪಸ್ ಬರಬೇಕಾಗ್ತದೆ, ನೆನಪಿರಲಿ. ಕೊನೆಯದನ್ನು ಅಮ್ಮ ಮಾತಿಗೆ ಹೇಳಿದ್ದಿರಬೇಕು. ನಾನು ಅದನ್ನು ಕಾನೂನು ಎಂದುಕೊಂಡೆ. ವಾಪಸ್ ಹೋದರೆ ಓದು ಅಲ್ಲಿಗೆ ನಿಂತಂತೆ ಎಂಬುದು ಯಾರೂ ಹೇಳದೆ ಗೊತ್ತಿತ್ತು.

ಆ ಮನೆಯಲ್ಲಿ ನಾನು ಲೋಟ ಕೆಳಗಿಟ್ಟರೆ ಸದ್ದಾಗುತ್ತಿರಲಿಲ್ಲ. ಬಾಗಿಲು ತೆಗೆದರೆ ಕಿರುಗುಟ್ಟುತ್ತಿರಲಿಲ್ಲ. ಯಾವ ಬಾಗಿಲನ್ನು ಎಷ್ಟು ಮೇಲಕ್ಕೆತ್ತಿ ತಳ್ಳಬೇಕು ಎಂದು ಮೊದಲ ವಾರವೇ ಕಲಿತಿದ್ದೆ. ನಾನು ಮನೆಯೊಳಗೇ ಇದ್ದೇನೆ ಎಂಬುದನ್ನು ಮರೆತು ದೊಡ್ಡಮ್ಮ ಎರಡು ಸಲ ಹೊರಗಿನಿಂದ ಬೀಗ ಹಾಕಿಕೊಂಡು ಪೇಟೆಗೆ ಹೋಗಿದ್ದುಂಟು. ವಾಪಸ್ ಬಂದು ನನ್ನನ್ನು ಕಂಡು ಎದೆ ಹಿಡಿದುಕೊಂಡು, "ಕೂಗಬಾರದನಾ ಮಾರಾಯ್ತಿ" ಎಂದರು. ಕೂಗುವುದು ನನ್ನ ಪಟ್ಟಿಯಲ್ಲಿರಲಿಲ್ಲ.

ದೊಡ್ಡಪ್ಪ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಮಾತು ಕಡಿಮೆ. ಇಸ್ತ್ರಿ ಹಾಕಿದ ಬಿಳಿ ಅಂಗಿ, ಜೇಬಿನಲ್ಲಿ ನೀಲಿ ಒಂದು ಕೆಂಪು ಒಂದು ಪೆನ್ನು. ಮಧ್ಯಾಹ್ನ ಒಂದೂವರೆಗೆ ಮನೆಗೆ ಬಂದು ಊಟ ಮಾಡಿ, ಟಿವಿಯಿದ್ದ ಮುಂದಿನ ಕೋಣೆಯ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಮಲಗಿ ಮತ್ತೆ ಕಚೇರಿಗೆ ಹೋಗುತ್ತಿದ್ದರು. ಆ ಹೊತ್ತಿನಲ್ಲಿ ನಾವು ಸ್ಕೂಲಿನಲ್ಲಿರುತ್ತಿದ್ದೆವು. ಅವರು ನನ್ನನ್ನು ಗದರಿದ್ದು ಒಂದು ಸಲವೂ ನೆನಪಿಲ್ಲ. ಹಾಗಾಗಿ ಇನ್ನೂ ಹೆಚ್ಚು ಹೆದರುತ್ತಿದ್ದೆ.

ಟಿವಿ ಗೇಮ್ ತಂದುಕೊಟ್ಟವರು ಸುಮಕ್ಕನ ಸೋದರತ್ತೆ, ಅಂದರೆ ದೊಡ್ಡಪ್ಪನ ತಂಗಿ. ಶಿವಮೊಗ್ಗದಿಂದ ಬರುವಾಗ ಸುಮಕ್ಕನ ಹುಟ್ಟಿದ ದಿನಕ್ಕೆಂದು ತಂದಿದ್ದರು. ಆದರೆ ಟಿವಿ ಗೇಮ್ ಹಾಕಿದರೆ ಪಿಕ್ಚರ್ ಟ್ಯೂಬ್ ಹೋಗುತ್ತದೆ ಎಂಬುದು ಆಗ ನಮ್ಮ ಬೀದಿಗೆಲ್ಲ ಗೊತ್ತಿದ್ದ ಸತ್ಯ. ನಿಮ್ಮ ಬೀದಿಯಲ್ಲೂ ಗೊತ್ತಿದ್ದಿರಬೇಕು. ಹೋದದ್ದನ್ನು ಯಾರೂ ಕಂಡಿರಲಿಲ್ಲ. ಹೋದವರ ಮನೆ ಮಾತ್ರ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಮಾತ್ರ ಎಂದು ದೊಡ್ಡಪ್ಪ ಕಟ್ಟಳೆ ಮಾಡಿದರು. ಕಟ್ಟಳೆ ಮುರಿದವರನ್ನು ಹಿಡಿಯುವ ಉಪಾಯವೂ ಅವರದೇ. ಸಂಜೆ ಕಚೇರಿಯಿಂದ ಬಂದವರು ಚಪ್ಪಲಿ ಬಿಟ್ಟು ನೇರ ಟಿವಿಯ ಹಿಂದೆ ಹೋಗಿ, ಅದರ ಉಬ್ಬಿದ ಬೆನ್ನಿನ ಮೇಲೆ ಅಂಗೈ ಇಡುತ್ತಿದ್ದರು, ಡಾಕ್ಟರು ಜ್ವರ ನೋಡುವ ಹಾಗೆ. ಬಿಸಿಯಿದ್ದರೆ "ಹೂಂ" ಎನ್ನುತ್ತಿದ್ದರು. ಆ ಹೂಂ ಕೇಳಿದ ಮೇಲೆ ಸುಮಕ್ಕ ಎರಡು ದಿನ ತಾನಾಗಿ ಪಾತ್ರೆ ತೊಳೆಯುತ್ತಿದ್ದಳು.

ಈ ಬಿಸಿಯ ವಿಷಯದಲ್ಲಿ ಸುಮಕ್ಕ ಸಂಶೋಧನೆಯನ್ನೇ ಮಾಡಿದ್ದಳು. "ತಣ್ಣಗಾಗಕ್ಕೆ ಮೂವತ್ತೈದು ನಿಮಿಷ ಬೇಕು ಪವಿ. ಫ್ಯಾನ್ ಹಾಕಿದ್ರೆ ಇಪ್ಪತ್ತು. ರಟ್ಟಲ್ಲಿ ಬೀಸಿದ್ರೆ ಎಂತ ಪ್ರಯೋಜನ ಇಲ್ಲ, ಕೈ ನೋವಷ್ಟೇ." ನನ್ನ ಹೆಸರು ಪವಿತ್ರಾ, ಮನೆಯಲ್ಲಿ ಪವಿ. ಅವಳಿಗೆ ಯಂತ್ರಗಳೆಂದರೆ ಬಹಳ ಇಷ್ಟ. ರೇಡಿಯೊ ಬಿಚ್ಚಿ, ಕೂಡಿಸಿ, ಒಂದು ಸ್ಕ್ರೂ ಉಳಿಸಿ, ಆದರೂ ಹಾಡಿಸುತ್ತಿದ್ದಳು. ಹತ್ತನೇ ಕ್ಲಾಸು ಮುಗಿಸಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡುತ್ತೇನೆ ಎಂದು ಹೇಳಿಕೊಂಡು ತಿರುಗುತ್ತಿದ್ದಳು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಚಳಿಗಾಲದ ಒಂದು ಶನಿವಾರ. ಸುಮಕ್ಕ ಟ್ಯೂಷನ್ನಿಗೆ, ದೊಡ್ಡಮ್ಮ ಪಕ್ಕದ ಬೀದಿಯ ಸಂಘದ ಮೀಟಿಂಗಿಗೆ ಹೋಗಿದ್ದರು. ಊಟ ಮಾಡಿ ಕಚೇರಿಗೆ ಹೋದ ದೊಡ್ಡಪ್ಪ ಬರುವುದು ಐದೂವರೆಗೆ. ಮನೆಯಲ್ಲಿ ನಾನೊಬ್ಬಳೇ ಇದ್ದೆ, ಈ ಸಲ ಬೀಗವಿಲ್ಲದೆ. ಕೇಳದೆ ಏನನ್ನೂ ಮುಟ್ಟದ ನಾನು ಅವತ್ತು ಏಕೆ ಮುಟ್ಟಿದೆ ಎಂಬುದಕ್ಕೆ ಉತ್ತರವಿಲ್ಲ. ಭಾನುವಾರದ ಅರ್ಧ ಗಂಟೆಯಲ್ಲಿ ನನ್ನ ಪಾಲಿಗೆ ಬರುತ್ತಿದ್ದುದು ಹತ್ತು ನಿಮಿಷ, ಅದರಲ್ಲೂ ಮೂರನೇ ಕೋಟೆ ದಾಟಲು ಆಗುತ್ತಿರಲಿಲ್ಲ. ನೀಲಿ ಅಂಗಿಯ ಪುಟ್ಟ ಸಿಪಾಯಿಯೊಬ್ಬ ಕೋಟೆಯ ಮೇಲೆ ಕೋಟೆ ಹತ್ತುವ ಆಟ ಅದು. ಮೂರನೇ ಕೋಟೆಯಲ್ಲಿ ಒಂದು ಅಗಲದ ಬಾವಿ. ಎಷ್ಟು ಜಿಗಿದರೂ ಸಿಪಾಯಿ ಅದರಲ್ಲಿ ಬಿದ್ದು ಸಾಯುತ್ತಿದ್ದ. ಯಾರೂ ಸರದಿಗೆ ಕಾಯದಿರುವಾಗ ಒಂದೇ ಒಂದು ಸಲ ಪ್ರಯತ್ನಿಸಿ ನೋಡೋಣ ಎಂದು ಕೂತವಳು ಎರಡು ಗಂಟೆ ಅವನನ್ನು ಬಾವಿಗೆ ಬೀಳಿಸಿದೆ.

ನಾಲ್ಕೂಮುಕ್ಕಾಲಿಗೆ ಕಿಟಕಿಯಿಂದ ನೋಡಿದರೆ ದೊಡ್ಡಪ್ಪ ಬೀದಿಯ ತಿರುವಿನಲ್ಲಿ ಬರುತ್ತಿದ್ದಾರೆ. ವೈರುಗಳನ್ನು ಕಿತ್ತು, ಸುತ್ತಿ, ಡಬ್ಬಿಗೆ ಹಾಕಿ, ಡಬ್ಬಿಯನ್ನು ಇದ್ದ ಜಾಗದಲ್ಲೇ ಇಟ್ಟೆ. ಟಿವಿಯ ಬೆನ್ನು ಮುಟ್ಟಿದೆ. ದೋಸೆ ಕಾವಲಿ. ಇಪ್ಪತ್ತು ನಿಮಿಷವೆಲ್ಲಿ, ಎರಡು ನಿಮಿಷವೂ ಇರಲಿಲ್ಲ. ಅಡುಗೆಮನೆಗೆ ಓಡಿ, ಕಟ್ಟೆ ಒರೆಸುವ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿ ತಂದು, ಜ್ವರದ ಹಣೆಗೆ ಹಾಕುವ ಹಾಗೆ ಟಿವಿಯ ಬೆನ್ನಿಗೆ ಹಾಸಿದೆ. ಚುಂಯ್ ಎಂದಿತು. ಹಾಗೆ ಅಂದಿರಲಿಕ್ಕಿಲ್ಲ, ನನಗೆ ಕೇಳಿಸಿತು. ಗೇಟು ತೆಗೆದ ಸದ್ದಾದಾಗ ಬಟ್ಟೆ ತೆಗೆದು ಲಂಗದೊಳಗೆ ಮುಚ್ಚಿಕೊಂಡು ನಿಂತೆ. ದೊಡ್ಡಪ್ಪ ಬಂದರು, ಬೆನ್ನು ಮುಟ್ಟಿದರು, ಪ್ಯಾಂಟಿಗೆ ಕೈ ಒರೆಸಿಕೊಂಡು ಕಾಲು ತೊಳೆಯಲು ಹೋದರು. ಹೂಂ ಇಲ್ಲ. ನನ್ನ ಜೀವನದಲ್ಲಿ ಅಷ್ಟು ದೊಡ್ಡ ಗೆಲುವು ಅದಕ್ಕೆ ಮೊದಲು ಬಂದಿರಲಿಲ್ಲ.

ಆ ಗೆಲುವು ಉಳಿದದ್ದು ಏಳು ಗಂಟೆಯವರೆಗೆ. ದೊಡ್ಡಮ್ಮ ತಮ್ಮ ಧಾರಾವಾಹಿಗೆಂದು ಟಿವಿ ಹಾಕಿದರು. ಪರದೆಯ ಮೇಲೆ ಅಡ್ಡಗೆರೆ ಬಂತು, ಒಳಗಿನಿಂದ ಟಪ್ ಎಂದಿತು, ಸುಟ್ಟ ವಾಸನೆ ಬಂತು. ಟಿವಿ ಆರಿಹೋಯಿತು.

"ಸುಮಾ, ಗೇಮ್ ಹಾಕಿದ್ಯನೇ ಇವತ್ತು?" ಎಂದು ದೊಡ್ಡಮ್ಮ ಕೇಳಿದರು.

"ಬೆಳಿಗ್ಗೆ ಹತ್ತೇ ನಿಮಿಷ ಅಮ್ಮ" ಎಂದಳು ಸುಮಕ್ಕ. ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅಷ್ಟು ಸಾಕಾಯಿತು.

ನನ್ನನ್ನು ಯಾರೂ ಕೇಳಲಿಲ್ಲ. ಕೇಳದಿದ್ದುದೇ ಹೆಚ್ಚು ಕಷ್ಟವಾಯಿತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ನಿಜವಲ್ಲ. ಆಗ ನನಗಾದದ್ದು ಬರೀ ಸಮಾಧಾನ. ಕಷ್ಟ ಆಮೇಲೆ ಶುರುವಾಯಿತು. ಟಿವಿ ರಿಪೇರಿಗೆ ಹೋಗಿ ಹದಿನೈದು ದಿನಕ್ಕೆ ಬಂತು. ದೊಡ್ಡಪ್ಪ "ಗೇಮಿಂದ ಹೋಗಿದ್ದು" ಎಂದಷ್ಟೇ ಹೇಳಿ, ಆ ಡಬ್ಬಿಯನ್ನು ಹೊತ್ತುಕೊಂಡು ಹೋಗಿ ಯಾರಿಗೋ ಕೊಟ್ಟು ಬಂದರು. ಸುಮಕ್ಕ ಮೂರು ದಿನ ಅತ್ತಳು. ನಾನು ಅವಳ ಪಕ್ಕದಲ್ಲಿ ಕೂತು ನೋಟ್ಸ್ ಬರೆದೆ. ಹತ್ತನೇ ಕ್ಲಾಸಿನ ನಂತರ ಡಿಪ್ಲೊಮಾದ ಮಾತು ಬಂದಾಗ ಮನೆಗೆ ಬಂದಿದ್ದ ನೆಂಟರು "ಟಿವಿ ಸುಟ್ಟವಳಿಗೆ ಎಲೆಕ್ಟ್ರಾನಿಕ್ಸಾ?" ಎಂದು ನಕ್ಕರು. ಅವಳು ಕಾಮರ್ಸ್ ತೆಗೆದುಕೊಂಡಳು.

ಸುಮ ಟಿವಿ ಸುಟ್ಟ ಕತೆ ನಮ್ಮ ಕುಟುಂಬದಲ್ಲಿ ಒಂದು ಪಾಠದ ಹಾಗೆ ಉಳಿಯಿತು. ಅವಳ ಮದುವೆಯಲ್ಲಿ ಗಂಡಿನ ಕಡೆಯವರಿಗೆ "ಹುಷಾರು, ನಮ್ಮ ಹುಡುಗಿ ಟಿವಿ ಸುಡ್ತಾಳೆ" ಎಂದು ಹೇಳಿ ನಕ್ಕರು. ಹೊಲಿಗೆ ಅಂಗಡಿ ಶುರುಮಾಡಿದಾಗ "ಮಿಷನ್ನಾದ್ರೂ ಉಳಿಸ್ಕೋ" ಎಂದರು. ಈ ಮಾತು ಬಂದಾಗಲೆಲ್ಲ ನಾನು ನೀರು ಕುಡಿಯಲು ಎದ್ದು ಹೋಗುತ್ತಿದ್ದೆ. ಪವಿಗೆ ಬಾಯಾರಿಕೆ ಜಾಸ್ತಿ ಎಂದು ನಮ್ಮವರಲ್ಲಿ ಹೆಸರಾಗಿದೆ. ಒಬ್ಬ ಚಿಕ್ಕಮ್ಮ ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಲೂ ಹೇಳಿದ್ದರು.

ಇಷ್ಟೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಆ ಭಾನುವಾರದ ಮರುವಾರ ಕಡ್ಡಿಯ ಡಬ್ಬಿಯೊಂದಿಗೆ ತೀರ್ಥಹಳ್ಳಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮೂರು ವಾಕ್ಯಕ್ಕೆ ಇಳಿಸಿಕೊಂಡೆ. ಒಂದು, ಅವತ್ತು ಮಧ್ಯಾಹ್ನ ಆಡಿದ್ದು ನಾನು. ಎರಡು, ಒದ್ದೆ ಬಟ್ಟೆ ಹಾಕಿ ಟಿವಿ ಸುಟ್ಟಿದ್ದೂ ನಾನು. ಮೂರು, ನಿನ್ನ ಡಿಪ್ಲೊಮಾ ಹೋಗಿದ್ದು ನನ್ನಿಂದ. ಲೆಕ್ಕ ಸರಿಯಾಗಿತ್ತು. ಹೇಳಿದ ಮೇಲೆ ಅವಳು ನನ್ನೊಡನೆ ಮಾತಾಡುತ್ತಾಳೋ ಇಲ್ಲವೋ ಎಂಬುದು ಮಾತ್ರ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಅಕ್ಕ ಎಂದು ಕರೆಯಲು ನನಗಿರುವುದು ಅವಳೊಬ್ಬಳೇ.

ಹೋಗಿ ನೋಡಿದರೆ ದೊಡ್ಡಪ್ಪ ದೊಡ್ಡಮ್ಮ ಇಬ್ಬರೂ ಅಲ್ಲಿದ್ದಾರೆ. ಹಿಂದಿನ ದಿನವಷ್ಟೇ ಸಾಗರದಿಂದ ಬಂದಿದ್ದರಂತೆ. ನನ್ನ ಮೂರು ವಾಕ್ಯಗಳೂ ಒಳಕ್ಕೆ ಹೋದವು.

"ಎಂತ ಮಾರಾಯ್ತಿ ಇದು, ಪೆನ್‌ಡ್ರೈವಾ?" ಎಂದು ಸುಮಕ್ಕ ಡಬ್ಬಿ ಬಿಚ್ಚಿದಳು. ಹೇಗೆ ಹಾಕುವುದೆಂದು ನಾನು ಹೇಳುವ ಮೊದಲೇ ಟಿವಿಗೆ ಚುಚ್ಚಿಯಾಗಿತ್ತು. ಪರದೆಯ ಮೇಲೆ ಆಟಗಳ ಸಾಲು ಬಂತು. "ಇದು ಇನ್ನೂ ಸಿಗ್ತದನಾ" ಎಂದಳು, ಮೆಲ್ಲಗೆ.

"ಎಂತದು ಅದು?" ಎಂದರು ದೊಡ್ಡಪ್ಪ ಕುರ್ಚಿಯಿಂದ.

"ಟಿವಿ ಗೇಮ್ ಅಪ್ಪ. ಟಿವಿ ಸುಡೋದು."

"ಅಳಿಯಂದಿರ ಟಿವಿನೂ ಸುಟ್ಟು ಮುಗಿಸು ಇನ್ನು" ಎಂದರು ದೊಡ್ಡಮ್ಮ, ಅಡುಗೆಮನೆಯ ಬಾಗಿಲಲ್ಲಿ ಕೂತು ಬೀನ್ಸ್ ಮುರಿಯುತ್ತ.

ನಾನು ನೀರಿಗೆ ಏಳಲು ಹೊರಟು, ಏಳಲಿಲ್ಲ.

ಸುಮಕ್ಕ ಹುಡುಕಿ ಹುಡುಕಿ ಆ ಕೋಟೆಯ ಆಟವನ್ನೇ ಹಾಕಿದಳು. ಮೊದಲ ಎರಡು ಕೋಟೆ ಹತ್ತಿದೆವು. ಮೂರನೆಯದರಲ್ಲಿ ಅದೇ ಬಾವಿ. ಅವಳು ಎರಡು ಸಲ ಸತ್ತಳು, ನಾನು ಮೂರು ಸಲ. ದೊಡ್ಡಪ್ಪ ಪೇಪರನ್ನು ಮಡಿಸಿ ತೊಡೆಯ ಮೇಲಿಟ್ಟಿದ್ದರು. ನನ್ನ ಮೂರನೆಯ ಸಾವಿಗೆ ಅವರ ಬಾಯಿಂದ "ಚ್ಚ" ಎಂಬ ಸದ್ದು ಬಂತು.

"ಹಾಗಲ್ಲ ಅದು. ಕೊಡಿಲ್ಲಿ."

"ನಿಮಗೆ ಬರಲ್ಲ ಅಪ್ಪ. ನೋಡಿ, ಈ ಬಟನ್ ಒತ್ತಿದ್ರೆ ಜಿಗಿಯೋದು, ಇದು..."

"ಗೊತ್ತು."

ಎಪ್ಪತ್ತು ಮುಟ್ಟುತ್ತಿರುವ ದೊಡ್ಡಪ್ಪ ಜಾಯ್‌ಸ್ಟಿಕ್ ತೆಗೆದುಕೊಂಡು, ಕುರ್ಚಿಯ ಅಂಚಿಗೆ ಸರಿದು, ಎರಡೂ ಹೆಬ್ಬೆರಳನ್ನು ಇಡಬೇಕಾದ ಕಡೆ ಇಟ್ಟರು. ಸಿಪಾಯಿ ಜಿಗಿದಾಗ ಅವರ ಬಲಭುಜವೂ ಮೇಲೆ ಹೋಯಿತು. ಬಾವಿಯ ಹತ್ತಿರ ಬಂದವರು ಮುಂದೆ ಜಿಗಿಯದೆ, ಬೆನ್ನು ತಿರುಗಿಸಿ ಹಿಂದಕ್ಕೆ, ಪರದೆಯ ತೀರ ಎಡಗಡೆಯ ಮೂಲೆಗೆ ಹೋದರು.

"ಅಲ್ಲಿ ಎಂತ ಇಲ್ಲ ಅಪ್ಪ, ಗೋಡೆ" ಎಂದಳು ಸುಮಕ್ಕ.

ಅವರು ಕೆಳಗಿನ ಇಟ್ಟಿಗೆಗೆ ಮೂರು ಸಲ ಹೊಡೆದರು. ಮೇಲಿನಿಂದ ಒಂದು ಹಗ್ಗದ ಏಣಿ ಇಳಿದು ಬಂತು. ಸಿಪಾಯಿ ಏಣಿ ಹತ್ತಿ, ಬಾವಿಯನ್ನು ಮೇಲಿನಿಂದಲೇ ದಾಟಿ, ನಾಲ್ಕನೆಯ ಕೋಟೆಯೊಳಕ್ಕೆ ನಡೆದುಹೋದ.

ನಾನೂ ಸುಮಕ್ಕನೂ ಮುಖ ಮುಖ ನೋಡಿಕೊಂಡೆವು. ಆ ಬಾವಿಯಲ್ಲಿ ನಮ್ಮ ಎಷ್ಟು ಭಾನುವಾರಗಳು ಬಿದ್ದಿದ್ದವೋ.

"ಅಪ್ಪ, ಅಲ್ಲಿ ಏಣಿ ಇದೆ ಅಂತ ನಿಮಗೆ ಹೇಗೆ ಗೊತ್ತು?"

"ಎಂತೋ. ಸುಮ್ನೆ ಹೊಡೆದೆ."

"ಸುಮ್ನೆ, ಮೂರು ಸಲ."

ದೊಡ್ಡಮ್ಮ ಬೀನ್ಸ್ ಮುರಿಯುವುದನ್ನು ನಿಲ್ಲಿಸಿದ್ದರು. "ಮಧ್ಯಾಹ್ನ ಬಾಗಿಲು ಹಾಕ್ಕೊಂಡು ಮಲಗ್ತಿದ್ರಲ್ಲ ಇವ್ರು. ಮಲಗೆದ್ದವ್ರ ಕಣ್ಣು ಅಷ್ಟು ಕೆಂಪಗಿರ್ತದನಾ ಅಂತ ನಂಗೆ ಆವಾಗ್ಲೇ ಅನುಮಾನ."

ದೊಡ್ಡಪ್ಪ ನಾಲ್ಕನೆಯ ಕೋಟೆ ಮುಗಿಸಿದರು. ಆಮೇಲೆ ಜಾಯ್‌ಸ್ಟಿಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ಎಷ್ಟನೇ ಕೋಟೆವರೆಗೆ ಹೋಗಿದ್ರಿ?" ಎಂದು ಸುಮಕ್ಕ ಕೇಳಿದಳು. ಮಗಳಾಗಿ ಕೇಳಬೇಕಾದ ಪ್ರಶ್ನೆಗಳು ಬೇಕಾದಷ್ಟಿದ್ದವು. ಆದರೆ ಆಟ ಆಡುವವಳ ಪ್ರಶ್ನೆಯೇ ಮೊದಲು ಬಂತು.

"ಹನ್ನೊಂದು."

ಅವರೇ ಮುಂದುವರಿಸಿದರು. "ಬಿಡಕ್ಕೆ ಆಗ್ತಿರ್ಲಿಲ್ಲ ಮಗಾ. ಫೈಲು ತೆಗೆದ್ರೂ ಅದೇ ಕಾಣ್ತಿತ್ತು. ಆಫೀಸಿಗೆ ಮೂರು ಸಲ ಲೇಟಾಗಿ ಹೋದೆ. ಸಾಹೇಬ್ರು ಒಳಗೆ ಕರೆದು, ಮನೇಲಿ ಏನಾದ್ರೂ ತೊಂದ್ರೆಯಾ ಅಂತ ಕೇಳಿದ್ರು. ಎಂತ ಹೇಳೋದು? ಹೆಂಗೆ ಬಿಡೋದು ಅಂತ ನೋಡ್ತಿದ್ದೆ, ಅಷ್ಟೊತ್ತಿಗೆ ಟಿವಿ ಹೋಯ್ತು."

"ಗೇಮಿಂದ."

"ಗೇಮಿಂದ ಅಲ್ಲ."

ನನ್ನ ಕಿವಿ ಬಿಸಿಯಾಯಿತು.

"ರಿಪೇರಿಯವ ಬಿಚ್ಚಿ ತೋರಿಸ್ದ. ಒಳಗೆ ಬೋರ್ಡಿನ ಮೇಲೆ ಹಲ್ಲಿ. ಎರಡು ವೈರಿಗೆ ಅಡ್ಡ ಬಿದ್ದು ಶಾರ್ಟ್ ಆಗಿ ಅದೂ ಕರಕಲು, ಬೋರ್ಡೂ ಕರಕಲು. ಚಳಿಗೆ ಬೆಚ್ಚಗಿರ್ತದೆ ಅಂತ ಹಿಂದಿನ ಕಿಂಡಿಯಿಂದ ಸೇರ್ಕೊಳ್ತವಂತೆ. ನಮ್ಮ ಕಡೆ ಟಿವಿ ಹೋಗೋದೇ ಹೆಚ್ಚು ಹಲ್ಲಿಯಿಂದ ಅಂದ."

"ಮನೆಗೆ ಬಂದು ಗೇಮಿಂದ ಅಂದ್ರಿ ನೀವು."

"ಅಂದೆ. ಅದು ಮನೇಲಿದ್ರೆ ನಾನು ಉದ್ಧಾರ ಆಗ್ತಿರ್ಲಿಲ್ಲ."

ಸುಮಕ್ಕ ಅಪ್ಪನನ್ನೇ ನೋಡುತ್ತ ಕೂತಳು. ಅವಳು ಸಿಟ್ಟಾದರೆ ಧ್ವನಿ ಇಳಿಯುತ್ತದೆ. "ಮದುವೆ ಮಂಟಪದಲ್ಲಿ ಹೇಳಿ ನಕ್ರು ಅಪ್ಪ. ನಮ್ಮತ್ತೆ ಮೊದಲ್ನೇ ವರ್ಷ ನಂಗೆ ಮಿಕ್ಸಿ ಮುಟ್ಟಕ್ಕೆ ಬಿಟ್ಟಿಲ್ಲ."

"ನಾನು ನಕ್ಕಿಲ್ಲ" ಎಂದರು ದೊಡ್ಡಪ್ಪ.

ಅದು ನಿಜ. ಆ ಕತೆಯನ್ನು ಅವರು ಹೇಳಿದ್ದನ್ನಾಗಲಿ, ಕೇಳಿ ನಕ್ಕಿದ್ದನ್ನಾಗಲಿ ನಾನು ಕಂಡಿರಲಿಲ್ಲ. ಕತೆ ಶುರುವಾದಾಗ ನಾನು ನೀರಿಗೆ ಎದ್ದು ಹೋದರೆ, ಅವರು ಹಿತ್ತಿಲಿಗೆ ಎದ್ದು ಹೋಗುತ್ತಿದ್ದರು. ಎದುರುಬದುರಾಗಿ ಎಷ್ಟೋ ಸಲ ಹಾದುಹೋಗಿದ್ದೇವೆ.

ಇನ್ನು ನಾನು ಬಾಯಿ ಬಿಡಬೇಕಾಗಿಯೇ ಇರಲಿಲ್ಲ. ಸುಟ್ಟಿದ್ದು ಹಲ್ಲಿ, ಮುಚ್ಚಿಟ್ಟಿದ್ದು ದೊಡ್ಡಪ್ಪ, ಲೆಕ್ಕ ಮುಗಿಯಿತು. ಆದರೆ ಅವರು ಜಾಯ್‌ಸ್ಟಿಕ್ ಹಿಡಿದುಕೊಂಡು ತಲೆ ತಗ್ಗಿಸಿ ಒಬ್ಬರೇ ಕೂತದ್ದು ನೋಡಲಾಗಲಿಲ್ಲ. ಸಿದ್ಧಮಾಡಿಕೊಂಡಿದ್ದ ಮೂರು ವಾಕ್ಯಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ಸುಮಕ್ಕ, ನಾನೂ ಆಡಿದ್ದೆ. ಅವತ್ತು. ನೀನು ಟ್ಯೂಷನ್ನಿಗೆ ಹೋದಾಗ, ಎರಡು ಗಂಟೆ. ಬೆನ್ನು ಬಿಸಿಯಾಗಿತ್ತು ಅಂತ ಒದ್ದೆ ಬಟ್ಟೆ ಹಾಕಿದ್ದೆ. ನೀರು ಒಳಗೆ ಹೋಗಿ ಸುಟ್ಟಿದ್ದು ಅಂತ ಇಷ್ಟು ವರ್ಷ..."

"ಹಲ್ಲಿ ಅಂದ್ರಲ್ಲ ಅಪ್ಪ."

"ಆ ನೀರಿನ ವಾಸನೆಗೆ ಹಲ್ಲಿ ಒಳಗೆ ಬಂದಿರಬಹುದು."

ಸುಮಕ್ಕ ನನ್ನನ್ನು ನೋಡಿದಳು. ಅಪ್ಪನನ್ನು ನೋಡಿದಳು. "ಅಮ್ಮಾ, ಇಲ್ಲಿ ಕೇಳು. ಹಲ್ಲಿ ಮಾಡಿದ್ದನ್ನೂ ಇವಳು ತನ್ನ ತಲೆ ಮೇಲೆ ಹಾಕ್ಕೊಳ್ತಿದಾಳೆ."

"ನಿನ್ನ ಡಿಪ್ಲೊಮಾ" ಎಂದೆ. ಅಷ್ಟೇ ಹೇಳಲಾಗಿದ್ದು.

"ಯಾವ ಡಿಪ್ಲೊಮಾ? ಎಲೆಕ್ಟ್ರಾನಿಕ್ಸಾ? ಲೆಕ್ಕದಲ್ಲಿ ಮೂವತ್ತೇಳು ಬಂದಿತ್ತು ಮಾರಾಯ್ತಿ ನಂಗೆ. ಯಾರು ಸೀಟು ಕೊಡ್ತಿದ್ರು? ಅವರು ನಕ್ಕಿದ್ದೇ ಒಳ್ಳೇದಾಯ್ತು, ಮಾರ್ಕ್ಸ್ ಕಾರ್ಡು ಯಾರೂ ಕೇಳ್ಲಿಲ್ಲ. ಈಗ ಈ ಊರಿನ ಅರ್ಧ ಮಿಷನ್ನು ರಿಪೇರಿ ಮಾಡೋದು ನಾನೇ. ನೀನೊಬ್ಬಳು ಅದನ್ನ ಇಟ್ಕೊಂಡು ಕೂತಿದ್ಯನಾ?"

ಅವಳ ಮಾರ್ಕ್ಸ್ ನನಗೆ ಗೊತ್ತಿರಲಿಲ್ಲ. ಆ ಮನೆಯಲ್ಲಿ ನಾನು ಏನನ್ನೂ ಕೇಳುತ್ತಿರಲಿಲ್ಲವಲ್ಲ.

ಆಗ ದೊಡ್ಡಪ್ಪ, ಪರದೆಯ ಕಡೆಗೇ ನೋಡುತ್ತ, "ಅವತ್ತು ಬೆನ್ನು ಒದ್ದೆ ಇತ್ತು" ಎಂದರು. "ಕೈ ಒರೆಸ್ಕೊಂಡೆ ನಾನು."

ಅಂದರೆ ಅವರಿಗೆ ಆಗಲೇ ಗೊತ್ತಿತ್ತು. ಕೇಳಬೇಕಾದ್ದನ್ನು ಸುಮಕ್ಕನೇ ಕೇಳಿದಳು: "ಮತ್ತೆ ಹೇಳ್ಲಿಲ್ಲ ಯಾಕೆ?"

"ಹೇಳಿದ್ರೆ ಮಾರನೇ ದಿನ ಅವಳು ಬ್ಯಾಗ್ ತಗೊಂಡು ಲಾಂಚ್ ಹತ್ತುತ್ತಿದ್ಲು" ಎಂದರು ದೊಡ್ಡಮ್ಮ, ದೊಡ್ಡಪ್ಪನ ಬದಲಿಗೆ. "ಇವ್ರು ಅವತ್ತು ರಾತ್ರಿನೇ ನಂಗೆ ಹೇಳಿದ್ರು. ಬಟ್ಟೆ ವಿಷಯ ಹುಡುಗಿ ಹತ್ರ ಎತ್ತಬೇಡ ಅಂದ್ರು. ಮಲಗೋ ಕತೆ ಮಾತ್ರ ನಂಗೂ ಹೇಳ್ಲಿಲ್ಲ, ಕಳ್ಳ."

ಏಳನೇ ಕ್ಲಾಸಿನಿಂದ ನಾನು ಹೇಳದೆ ಉಳಿಸಿಕೊಂಡ ಇನ್ನೊಂದು ಮಾತಿತ್ತು. ಬೇರೆ ಯಾವ ದಿನವೂ ಹೇಳುತ್ತಿರಲಿಲ್ಲ. "ಗೊತ್ತಾದ್ರೆ ನೀವೇ ನನ್ನ ವಾಪಸ್ ಕಳಿಸ್ತೀರಿ ಅಂದ್ಕೊಂಡಿದ್ದೆ."

"ಕಳಿಸೋದಾ?" ದೊಡ್ಡಮ್ಮನ ಕೈಯಲ್ಲಿದ್ದ ಬೀನ್ಸು ಹಾಗೇ ನಿಂತಿತು. "ಪ್ರತಿ ರಜೆಗೂ ನಿಮ್ಮಪ್ಪ ಬಂದು ಕರ್ಕೊಂಡು ಹೋಗ್ತಿದ್ರಲ್ಲ, ಈ ಸಲ ಅಲ್ಲೇ ಉಳಿಸ್ಕೊಂಡ್ರೆ ಎಂತ ಮಾಡೋದು ಅಂತ ನಂಗೇ ಹೆದ್ರಿಕೆ. ರಜೆ ಮುಗಿದು ನೀನು ಗೇಟು ತೆಗೆಯೋವರೆಗೆ ಒಂದು ಕೆಲಸ ಕೈಗೆ ಹತ್ತುತ್ತಿರ್ಲಿಲ್ಲ. ಕಳಿಸ್ತೀರಂತೆ. ಓದಿದವ್ರ ತಲೆ ನೋಡು."

ಬೀನ್ಸು ಮತ್ತೆ ಮುರಿಯತೊಡಗಿತು. ನಾನು ಕಿಟಕಿಯ ಕಡೆ ನೋಡಿದೆ. ಕಣ್ಣು ಒರೆಸಿಕೊಳ್ಳುವುದನ್ನು ಯಾರೂ ಗಮನಿಸಲಿಲ್ಲ ಎಂದುಕೊಂಡಿದ್ದೇನೆ. ಈಗ ಗೊತ್ತಾಗಿದೆ, ಆ ಮನೆಯವರ ವಿಷಯದಲ್ಲಿ ನನ್ನ ಅಂದಾಜುಗಳು ಅಷ್ಟೇನೂ ಸರಿಯಿಲ್ಲ.

ಸುಮಕ್ಕ ಅಪ್ಪನನ್ನು ಅಷ್ಟು ಸುಲಭವಾಗಿ ಬಿಡಲಿಲ್ಲ. ಮದುವೆಯಲ್ಲಿ ನಕ್ಕವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ ಸತ್ಯ ಹೇಳಬೇಕು ಎಂದಳು.

"ಹಲ್ಲಿ ಅಂತಾನಾ?"

"ಹಲ್ಲಿನೂ ಹೇಳಿ, ಹನ್ನೊಂದನೇ ಕೋಟೆನೂ ಹೇಳಿ. ಮೊದಲು ಶಿವಮೊಗ್ಗದ ಅತ್ತೆಗೆ. ಮಂಟಪದಲ್ಲಿ ಮೈಕ್ ಹಿಡ್ಕೊಂಡು ಹೇಳಿದ್ದು ಅವರೇ."

ಅವಳೇ ನಂಬರ್ ಒತ್ತಿ ಸ್ಪೀಕರ್ ಹಾಕಿ ಕೊಟ್ಟಳು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, ಕಚೇರಿಯ ಪತ್ರ ಓದುವ ದನಿಯಲ್ಲಿ, "ಒಂದು ವಿಷಯ ತಿಳಿಸಬೇಕಿತ್ತು. ಟಿವಿ ಸುಟ್ಟಿದ್ದು ಸುಮ ಅಲ್ಲ" ಎಂದರು.

ಆ ಕಡೆಯಿಂದ ಕುಕ್ಕರಿನ ಸೀಟಿ ಕೇಳಿಸಿತು. "ಯಾವ ಟಿವಿ ಅಣ್ಣ?"

"ನಮ್ಮನೆ ಹಳೇ ಟಿವಿ. ಗೇಮ್ ಹಾಕಿ ಸುಟ್ಟೋಯ್ತು ಅಂತ..."

"ನಿಮ್ಮನೆ ಟಿವಿ ಸುಟ್ಟಿತ್ತಾ? ಯಾವಾಗ? ನಂಗೆ ಯಾರೂ ಹೇಳೇ ಇಲ್ವಲ್ಲ."

ಸುಮಕ್ಕ ದಿಂಬಿಗೆ ಮುಖ ಒತ್ತಿಕೊಂಡು ನಕ್ಕಳು. ಅವಳು ನಕ್ಕಿದ್ದು ನೋಡಿ ನನಗೂ ತಡೆಯಲಾಗಲಿಲ್ಲ. ದೊಡ್ಡಪ್ಪ ಫೋನು ಹಿಡಿದುಕೊಂಡು, ಇನ್ನೇನು ಹೇಳಬೇಕೆಂದು ತಿಳಿಯದೆ, ತಂಗಿಯ ಹತ್ತಿರ ಮಳೆ ಬಂತಾ ಎಂದು ಕೇಳಿದರು.

ಊಟವಾದ ಮೇಲೆ ನಾಲ್ಕು ಗಂಟೆಯ ಬಸ್ಸಿಗೆ ಹೊರಟೆ. ಗೇಟಿನವರೆಗೆ ಬಂದ ಸುಮಕ್ಕ ನನ್ನ ತಲೆಗೆ ಒಂದು ಮೊಟಕಿ, "ಇನ್ನೂ ಎಂತಾದ್ರೂ ಬಚ್ಚಿಟ್ಟಿದ್ರೆ ಈಗ್ಲೇ ಹೇಳು" ಎಂದಳು. ಯೋಚಿಸಿ ನೋಡಿದೆ. ಏನೂ ಇರಲಿಲ್ಲ. ಒಳಗೆ ದೊಡ್ಡಪ್ಪ ಐದನೆಯ ಕೋಟೆಯಲ್ಲಿದ್ದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹೊಸನಗರಕ್ಕೆ ಟಿಕೆಟ್ ತೆಗೆದುಕೊಂಡು, ಚೀಲವನ್ನು ಮಡಿಲಲ್ಲಿಟ್ಟುಕೊಂಡದ್ದು ನೆನಪಿದೆ. ಆಮೇಲೆ ನೆನಪಿರುವುದು ಭುಜದ ಹತ್ತಿರ ಯಾರೋ ಸೀಟಿನ ಕಂಬಿ ತಟ್ಟಿದ್ದು. ಕಣ್ಣು ಬಿಟ್ಟರೆ ಕಂಡಕ್ಟರು. ಎರಡು ವರ್ಷದಿಂದ ಅದೇ ದಾರಿಯಲ್ಲಿ ನನ್ನನ್ನು ನೋಡುತ್ತಿರುವವರು.

"ಮೇಡಂ, ಹೊಸನಗರ ಹೋಗಿ ಎಷ್ಟೊತ್ತಾಯ್ತು. ಇದು ಬಟ್ಟೆಮಲ್ಲಪ್ಪ ಸ್ಟಾಪು. ಎರಡು ಸಲ ಕೂಗ್ದೆ, ನೀವು ಏಳ್ಲಿಲ್ಲ."

ಇಳಿದುಕೊಂಡೆ. ಅವರಿಗೆ ಸಮಾಧಾನವಾಗಲಿಲ್ಲ, ಬಾಗಿಲಿನಿಂದ ಬಗ್ಗಿ ಕೇಳಿದರು. "ಹುಷಾರಿಲ್ವಾ ಮೇಡಂ? ಯಾವತ್ತೂ ಹೀಗೆ ನಿದ್ದೆ ಮಾಡಿದವ್ರಲ್ಲ ನೀವು."

"ಹುಷಾರಾಗಿದೀನಿ" ಎಂದೆ. ಬಸ್ಸು ಸಾಗರದ ಕಡೆ ಹೋಯಿತು. ಎದುರಿನ ಹೋಟೆಲಿನಲ್ಲಿ ಒಂದು ಚಾ ಹೇಳಿ, ಹಿಂದಕ್ಕೆ ಹೋಗುವ ಬಸ್ಸಿಗೆ ಕಾಯುತ್ತ ಕೂತೆ. ಅವಸರವೇನೂ ಇರಲಿಲ್ಲ.